ಕಾಯಿಲ್‌ಓವರ್ ಹಾಕಿಸಿದ ಮೇಲೂ ಟ್ರ್ಯಾಕ್‌ನಲ್ಲಿ ಕಾರಿನ ಮೂತಿ ತಿರುಗುತ್ತಿಲ್ಲ, ಏಕೆ?

ಗಿರಿನಗರದ ಕೂಪೆ
ಭಾನುವಾರ, ರಾತ್ರಿ 9.40

ನಿನ್ನೆ ಚೆನ್ನೈ ಟ್ರ್ಯಾಕ್‌ನಿಂದ ಹಿಂದಿರುಗಿದೆ. ಬೆಳಗಿನ ಜಾವ ಮೂರಕ್ಕೆ ಗಿರಿನಗರ ಬಿಟ್ಟು ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಶ್ರೀಪೆರಂಬುದೂರಿನ ಹತ್ತಿರ ಬರುವಾಗ ಇದ್ದ ಹುರುಪಿನಲ್ಲಿ ಕಾಲು ಭಾಗವೂ ವಾಪಸು ಬರುವಾಗ ಉಳಿದಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಾರು ಎರಡು ಬಾಗಿಲಿನದು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಸೇರಿ ಚಕ್ರವನ್ನು ಮೇಲಿನಿಂದ ಹಿಡಿಯುವ ಕಂಬ), ಹಿಂದೆ ಮಲ್ಟಿಲಿಂಕ್ (ಹಲವು ತೋಳುಗಳು ಚಕ್ರ ಹಿಡಿಯುವ ಜೋಡಣೆ). ನಾನು ಕುಳಿತರೆ ಒಟ್ಟು ತೂಕ 1,400 ಕಿಲೋ. ಆರು ತಿಂಗಳ ಹಿಂದೆ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಡ್ಯಾಂಪರ್ ಜೋಡಿ) ಹಾಕಿಸಿದೆ. ಮುಂದಿನ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 7 ಕಿಲೋ ಭಾರ ಬೇಕು. ಕಾರನ್ನು 40 ಮಿ.ಮೀ. ಇಳಿಸಿದ್ದೇನೆ. ಟ್ರ್ಯಾಕ್‌ಗೆಂದು ನಾಲ್ಕೂ ಡ್ಯಾಂಪರ್‌ಗಳನ್ನು (ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಅತಿ ಬಿಗಿಗೆ ತಿರುಗಿಸಿದ್ದೆ.

ಆಗುತ್ತಿರುವುದು ಇಷ್ಟು: ಸ್ಟಿಯರಿಂಗ್ ತಿರುಗಿಸಿದ ಮೊದಲ ಕ್ಷಣ ಕಾರು ಚೆನ್ನಾಗಿಯೇ ಸ್ಪಂದಿಸುತ್ತದೆ. ತಿರುವಿನ ನಡುವೆ ಬರುವಷ್ಟರಲ್ಲಿ ಮೂತಿ ಹೊರಕ್ಕೆ ಜಾರತೊಡಗುತ್ತದೆ. ಇನ್ನಷ್ಟು ತಿರುಗಿಸಿದರೆ ಟೈರು ಅರಚುತ್ತದೆಯೇ ಹೊರತು ಕಾರು ಒಳಕ್ಕೆ ಬರುವುದಿಲ್ಲ. ಡಾಂಬರು ಸ್ವಲ್ಪ ಏರುಪೇರಾದ ಕಡೆ ಮುಂಭಾಗ ಪುಟಿಯುತ್ತದೆ. ಬಲ ತಿರುವುಗಳಲ್ಲಿ ಇದು ಹೆಚ್ಚು, ಎಡ ತಿರುವುಗಳಲ್ಲಿ ಅಷ್ಟಿಲ್ಲ. ಎಡ ಮುಂದಿನ ಟೈರಿನ ಹೊರ ಅಂಚು ತುರಿಮಣೆಯ ಮೇಲೆ ಉಜ್ಜಿದಂತಾಗಿದೆ. ಅತಿ ವೇಗದ ಲ್ಯಾಪ್ 2 ನಿಮಿಷ 11.4 ಸೆಕೆಂಡು. ಕಂಪನಿಯ ಮೂಲ ಸಸ್ಪೆನ್ಷನ್‌ನಲ್ಲಿ, ಇದೇ ಟೈರುಗಳಲ್ಲಿ, ಕಳೆದ ವರ್ಷ ನಾನು 2 ನಿಮಿಷ 10.9 ತೆಗೆದಿದ್ದೆ.

ಮುಂದಿನ ಸ್ಪ್ರಿಂಗ್ ಬದಲಿಸಿ 10 ಕಿಲೋದ್ದು ಹಾಕಿದರೆ ಸರಿಹೋಗುತ್ತದೆಯೇ?

ಕೆಂಗೇರಿ ಗೇರ್
ಭಾನುವಾರ, ರಾತ್ರಿ 10.05

ಇದು ಅಂಡರ್‌ಸ್ಟಿಯರ್, ಅಂದರೆ ಮುಂದಿನ ಚಕ್ರಗಳು ಮೊದಲು ಜಾರುವುದು. ಹಿಂದಿನ ಆಂಟಿ-ರೋಲ್ ಬಾರ್ (ಕಾರು ಹೆಚ್ಚು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಕಂಬಿ) ದಪ್ಪದ್ದು ಹಾಕಿಸಿ. ನನ್ನ ಕಾರಿನಲ್ಲಿ ಅದೊಂದರಿಂದಲೇ ಸರಿಯಾಯಿತು.

ಪೀಣ್ಯದ ಲೇತು
ಭಾನುವಾರ, ರಾತ್ರಿ 11.20

ದಯವಿಟ್ಟು ಏನನ್ನೂ ಕೊಳ್ಳಬೇಡಿ. ಸ್ಪ್ರಿಂಗೂ ಬೇಡ, ಬಾರೂ ಬೇಡ. ಮೊದಲು ಅಳತೆ.

ಲೆಕ್ಕ ಒಂದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದು ಅರ್ಥವಾಗುತ್ತದೆ. ತಿರುವಿನ ಬಿರುಸು ಇಷ್ಟೆಂದು ಇಟ್ಟುಕೊಂಡರೆ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಎಷ್ಟು ಭಾರ ದಾಟುತ್ತದೆ ಎಂಬುದು ಮೂರೇ ಸಂಗತಿಗಳ ಮೇಲೆ ನಿಂತಿದೆ. ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ. ನಿಮ್ಮ 1,400 ಕಿಲೋ ಕಾರಿಗೆ ಕೇಂದ್ರ 48 ಸೆಂ.ಮೀ. ಎತ್ತರದಲ್ಲಿದೆ, ಅಗಲ 155 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದು ಜಿ ಬಲದ (ಕಾರಿನ ತೂಕದಷ್ಟೇ ಬಲ ಪಕ್ಕಕ್ಕೆ ಎಳೆಯುವ) ತಿರುವಿನಲ್ಲಿ ದಾಟುವ ಭಾರ ಸುಮಾರು 430 ಕಿಲೋ. ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲೂ ಬರಲಿಲ್ಲ, ಗಮನಿಸಿ. ಸ್ಪ್ರಿಂಗ್ 7 ಇರಲಿ, 17 ಇರಲಿ, ಆ 430 ದಾಟಿಯೇ ದಾಟುತ್ತದೆ. ಕಾರನ್ನು 40 ಮಿ.ಮೀ. ಇಳಿಸಿ ನೀವು ಅದರಲ್ಲಿ ಉಳಿಸಿದ್ದು 36 ಕಿಲೋ.

ಹಾಗಾದರೆ ಸ್ಪ್ರಿಂಗ್, ಆಂಟಿ-ರೋಲ್ ಬಾರ್ ಮಾಡುವುದೇನು? ಆ 430ರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂದು ಹಂಚುವುದು. ಯಾವ ತುದಿ ಬಿಗಿಯೋ ಅದು ಹೆಚ್ಚು ಹೊರುತ್ತದೆ. ಟೈರಿನ ಸ್ವಭಾವವೆಂದರೆ, ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಹೆಚ್ಚು ಹೊತ್ತ ಜೋಡಿ ಮೊದಲು ಜಾರುತ್ತದೆ. ನಿಮ್ಮ ಕಾರಿನ ಮುಂಭಾಗ ಜಾರುತ್ತಿದೆ, ಮತ್ತು ನೀವು ಅದನ್ನೇ ಇನ್ನಷ್ಟು ಬಿಗಿ ಮಾಡಲು ಹೊರಟಿದ್ದೀರಿ.

ನನಗೆ ಬಲವಾದ ಅನುಮಾನವಿರುವುದು ಬೇರೆಯದರ ಮೇಲೆ. ಮೊದಲ ಕ್ಷಣ ಚೆನ್ನಾಗಿ ಸ್ಪಂದಿಸಿ ಆಮೇಲೆ ಕೈಕೊಡುತ್ತದೆ ಎಂದಿರಿ. ಮುಂದಿನ ಸ್ಟ್ರಟ್ ಬಂಪ್ ಸ್ಟಾಪ್‌ನ ಮೇಲೆ ಹೋಗಿ ಕೂರುತ್ತಿರಬಹುದು. ಕೂತ ಕ್ಷಣ ಅಲ್ಲಿ ಸ್ಪ್ರಿಂಗ್ ಎಂಬುದೇ ಇಲ್ಲ, ರಬ್ಬರಿನ ಗಟ್ಟಿ ಮುದ್ದೆಯ ಮೇಲೆ ಕಾರು ನಿಂತಿರುತ್ತದೆ. ನಾಳೆ ಚಕ್ರ ಬಿಚ್ಚಿ, ಡ್ಯಾಂಪರ್‌ನ ಮೇಲಿನ ರಬ್ಬರ್ ಹೊದಿಕೆ ಎತ್ತಿ, ಹೊಳೆಯುವ ಕಂಬಿಯ ಮೇಲೆ ಧೂಳು ಎಲ್ಲಿಯವರೆಗೆ ಒರೆಸಿಹೋಗಿದೆ ನೋಡಿ. ಕಾರು ನೆಲದ ಮೇಲೆ ನಿಂತಾಗ ಡ್ಯಾಂಪರ್‌ನ ನೆತ್ತಿಗೂ ಬಂಪ್ ಸ್ಟಾಪ್‌ಗೂ ನಡುವೆ ಎಷ್ಟು ಜಾಗ ಉಳಿದಿದೆ, ಅಳೆದು ಹೇಳಿ.

ಚಾಕ್‌ಪೀಸು ಮತ್ತು ಟೈರು
ಸೋಮವಾರ, ಬೆಳಿಗ್ಗೆ 7.15

ಟೈರಿನ ಗಾಳಿ ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ. ಬಿಸಿಯಾದ ಮೇಲೆ, ಪಿಟ್‌ಗೆ ಬಂದ ತಕ್ಷಣ ಅಳೆದಿರಾ?

ಗಿರಿನಗರದ ಕೂಪೆ
ಸೋಮವಾರ, ಬೆಳಿಗ್ಗೆ 8.02

ಬೆಂಗಳೂರಿನಲ್ಲೇ ನಾಲ್ಕಕ್ಕೂ 34 ಪಿಎಸ್‌ಐ ತುಂಬಿಸಿಕೊಂಡು ಹೊರಟಿದ್ದೆ. ಅಲ್ಲಿ ಬೆಳಿಗ್ಗೆ ನೋಡಿದಾಗಲೂ 34 ಇತ್ತು. ಬಿಸಿಯಾದ ಮೇಲೆ ಅಳೆಯಲಿಲ್ಲ.

ಚಾಕ್‌ಪೀಸು ಮತ್ತು ಟೈರು
ಸೋಮವಾರ, ಬೆಳಿಗ್ಗೆ 9.30

ಅಲ್ಲಿಯೂ 34 ಇದ್ದದ್ದು ಕಾಕತಾಳೀಯ. ಹೇಗೆಂದು ಬರೆಯುತ್ತೇನೆ, ಏಕೆಂದರೆ ಬೆಂಗಳೂರಿನಿಂದ ಹೋಗುವ ಎಲ್ಲರಿಗೂ ಇದು ಬೇಕು.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ವಾತಾವರಣದ ಒತ್ತಡ ಸುಮಾರು 13.2 ಪಿಎಸ್‌ಐ, ಕರಾವಳಿಯ ಚೆನ್ನೈಯಲ್ಲಿ 14.7. ಗೇಜು ತೋರಿಸುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು ಮಾತ್ರ. ಹಾಗಾಗಿ ಘಟ್ಟ ಇಳಿದಂತೆ ಗೇಜು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸಬೇಕು. ಆದರೆ ಬೆಂಗಳೂರಿನ ನಸುಕಿನ 22 ಡಿಗ್ರಿಯಿಂದ ಅಲ್ಲಿನ 32 ಡಿಗ್ರಿಗೆ ಹೋದಾಗ ಒಳಗಿನ ಗಾಳಿ ಹಿಗ್ಗಿ ಹೆಚ್ಚೂಕಡಿಮೆ ಅಷ್ಟನ್ನೇ ವಾಪಸು ಕೊಡುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕಿ ಗೇಜು ಅಲ್ಲೇ ನಿಂತಂತೆ ಕಾಣುತ್ತದೆ. ಬೇರೆ ದಿನ, ಬೇರೆ ಹವೆಯಲ್ಲಿ ಹೀಗಾಗುವುದಿಲ್ಲ. ಕೊಯಮತ್ತೂರಿಗೆ ಹೋದರೆ ಲೆಕ್ಕವೇ ಬೇರೆ, ಅದು ಸುಮಾರು 410 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಟ್ರ್ಯಾಕ್‌ನಲ್ಲಿಯೇ, ಬಿಸಿಲು ಬೀಳುವ ಮೊದಲು, ನೆರಳಿನಲ್ಲಿ ಅಳೆಯಿರಿ.

ಈಗ ಬಿಸಿಯ ಲೆಕ್ಕ. ತಣ್ಣಗಿದ್ದಾಗ 34 ಇದ್ದು ಒಳಗಿನ ಗಾಳಿ 75 ಡಿಗ್ರಿಗೆ ಏರಿದರೆ ಗೇಜು 41 ದಾಟುವ ಅಂಚಿಗೆ ಬರುತ್ತದೆ. ಟೈರು ಉಬ್ಬಿ ನಡುಭಾಗದ ಮೇಲೆ ನಿಂತಿರುತ್ತದೆ. ನಿಮ್ಮಂತಹ ಕಾರಿಗೆ, ಟ್ರ್ಯಾಕ್‌ಗೂ ರಸ್ತೆಗೂ ಒದಗುವ ಟೈರಿಗೆ, ಬಿಸಿಯಲ್ಲಿ 34ರಿಂದ 35ಕ್ಕೆ ನಿಲ್ಲಿಸಲು ನೋಡಿ. ಅಂದರೆ ತಣ್ಣಗೆ 28 ಅಥವಾ 29ರಿಂದ ಹೊರಡಬೇಕು. ಟೈರಿನ ಭುಜದ ಮೇಲೆ, ಓಡುಮೈಯಿಂದ ಪಕ್ಕಕ್ಕೆ ಇಳಿಯುವಂತೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಐದು ಲ್ಯಾಪ್ ಮುಗಿಸಿ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗುಚಿದೆ. ಅದಕ್ಕೆ ಖರ್ಚಿಲ್ಲ.

ಗಿರಿನಗರದ ಕೂಪೆ
ಮಂಗಳವಾರ, ರಾತ್ರಿ 8.50

ಚಕ್ರ ಬಿಚ್ಚಿದೆ. ಲೇತು ಅವರ ಮಾತು ನಿಜವಾಯಿತು.

ಕಂಬಿಯ ಮೇಲೆ ತೆಳ್ಳಗಿನ ಕೆಂಪು ಧೂಳು ಕೂತಿದೆ, ಆದರೆ ಬಂಪ್ ಸ್ಟಾಪ್‌ನ ತುದಿಯವರೆಗೂ ಅದು ಕನ್ನಡಿಯಂತೆ ಒರೆಸಿಹೋಗಿದೆ. ಎಡಗಡೆಯ ಬಂಪ್ ಸ್ಟಾಪ್‌ನ ಕೆಳ ಅಂಚು ಸೀಳಿದೆ, ಕೈಯಲ್ಲಿ ಹಿಡಿದಾಗ ಹಳದಿ ತುಣುಕೊಂದು ಉದುರಿತು. ನಿಂತ ಕಾರಿನಲ್ಲಿ ಉಳಿದ ಜಾಗ ಎಡಕ್ಕೆ 11 ಮಿ.ಮೀ., ಬಲಕ್ಕೆ 14. ಆರು ತಿಂಗಳಿಂದ ಈ ಊರಿನ ಎಲ್ಲ ಉಬ್ಬುಗಳ ಮೇಲೆ ಇದರಲ್ಲಿಯೇ ಓಡಾಡಿದ್ದೇನೆ.

ಇಳಿಸಿದ್ದು ಸ್ಪ್ರಿಂಗ್ ಕೂರುವ ಬಟ್ಟಲನ್ನು ತಿರುಗಿಸಿ. ಕೆಳಗಿನ ಬ್ರಾಕೆಟ್ ಮುಟ್ಟಿಯೇ ಇಲ್ಲ.

ಪೀಣ್ಯದ ಲೇತು
ಮಂಗಳವಾರ, ರಾತ್ರಿ 10.35

ಹನ್ನೊಂದು ಮಿ.ಮೀ. ಬ್ರೇಕ್ ತುಳಿದಾಗಲೇ ಮುಗಿದುಹೋಗುತ್ತದೆ, ತಿರುವಿಗೆ ಏನೂ ಉಳಿಯುವುದಿಲ್ಲ.

ನಿಮ್ಮ ಕಾಯಿಲ್‌ಓವರ್‌ನಲ್ಲಿ ಎತ್ತರ ಬದಲಿಸಲು ಎರಡು ದಾರಿಗಳಿವೆ. ಬಟ್ಟಲನ್ನು ಇಳಿಸಿದರೆ ಕಾರು ಇಳಿಯುತ್ತದೆ, ಜೊತೆಗೆ ಡ್ಯಾಂಪರ್‌ನ ಓಟವನ್ನೂ ತಿಂದುಹಾಕುತ್ತದೆ. ಕೆಳಗಿನ ಬ್ರಾಕೆಟ್‌ನಲ್ಲಿ ಇಡೀ ಡ್ಯಾಂಪರನ್ನು ತಿರುಗಿಸಿದರೆ ಓಟ ಹಾಗೆಯೇ ಇದ್ದು ಎತ್ತರ ಮಾತ್ರ ಬದಲಾಗುತ್ತದೆ. ಬಟ್ಟಲನ್ನು ಮೊದಲಿದ್ದ ಕಡೆಗೆ ತನ್ನಿ. ಬ್ರಾಕೆಟ್‌ನಿಂದ ಎತ್ತರ ಹೊಂದಿಸಿ. ಅದೂ 40 ಬೇಡ, 20 ಸಾಕು.

ಇಪ್ಪತ್ತೇ ಏಕೆ ಎಂದರೆ, ಕಾರಿನ ಕೆಳಗೆ ಬಗ್ಗಿ ಮುಂದಿನ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ನೋಡಿ. ಮೂಲದಲ್ಲಿ ಅದು ಚಕ್ರದ ಕಡೆಗೆ ಸ್ವಲ್ಪ ಇಳಿದಿರುತ್ತದೆ ಅಥವಾ ಮಟ್ಟವಾಗಿರುತ್ತದೆ. ನಿಮ್ಮದು ಈಗ ಚಕ್ರದ ಕಡೆಗೆ ಮೇಲೇರಿರುತ್ತದೆ. ಸ್ಟ್ರಟ್ ಇರುವ ಕಾರಿನಲ್ಲಿ ಹೀಗಾದರೆ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಗುರುತ್ವ ಕೇಂದ್ರ 40 ಮಿ.ಮೀ. ಇಳಿದರೆ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲು, ಅದು ಉದ್ದವಾಗುತ್ತದೆ. ಇಳಿಸಿದ ಕಾರು ಹೆಚ್ಚು ವಾಲುವುದು ಇದರಿಂದ. ಇನ್ನೊಂದು, ಕಾರು ವಾಲಿದಾಗ ಹೊರಚಕ್ರಕ್ಕೆ ಸಿಗಬೇಕಾದ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಕಾರಿನ ಒಳಕ್ಕೆ ವಾಲಿರುವುದು) ಸಿಗದೆ, ಚಕ್ರ ಹೊರ ಅಂಚಿನ ಮೇಲೆ ಮಗುಚುತ್ತದೆ. ತುರಿಮಣೆ ಎಂದಿರಲ್ಲ, ಅದು ಇದೇ.

ಡ್ಯಾಂಪರ್‌ಗಳ ವಿಷಯ. ಅತಿ ಬಿಗಿಯಲ್ಲಿ ಇಟ್ಟರೆ ಉಬ್ಬಿನ ಮೇಲೆ ಒತ್ತಿಕೊಂಡ ಚಕ್ರ, ಮುಂದಿನ ಉಬ್ಬು ಬರುವುದರೊಳಗೆ ಕೆಳಕ್ಕೆ ಮರಳಲಾರದು. ಉಬ್ಬಿನಿಂದ ಉಬ್ಬಿಗೆ ಕಾರು ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತಾ ಬಂಪ್ ಸ್ಟಾಪ್‌ಗೆ ಇಳಿಯುತ್ತದೆ. ಪುಟಿತ ಬಂದದ್ದು ಅಲ್ಲಿಂದ. ಇನ್ನೊಂದು ಮಾತು. ಡ್ಯಾಂಪರ್ ಕೆಲಸ ಮಾಡುವುದು ಕಂಬಿ ಚಲಿಸುತ್ತಿರುವಾಗ ಮಾತ್ರ. ತಿರುವಿನ ನಡುವೆ ಕಾರು ಒಂದೇ ಭಂಗಿಯಲ್ಲಿ ನಿಂತು ಸುತ್ತುತ್ತಿದ್ದರೆ ಅಲ್ಲಿನ ಜಾರುವಿಕೆಗೆ ಡ್ಯಾಂಪರ್‌ನಲ್ಲಿ ಮದ್ದಿಲ್ಲ. ತಿರುವಿಗೆ ಇಳಿಯುವಾಗ, ಹೊರಬರುವಾಗ, ಎಡಬಲ ಬದಲಿಸುವಾಗ ಅದರ ಆಟ.

ಬಿಗಿಯ ತುದಿಯಿಂದ ಎಣಿಸಿ, ಮುಂದೆ 12 ಕ್ಲಿಕ್, ಹಿಂದೆ 14 ಸಡಿಲಿಸಿ. ಸಡಿಲದ ತುದಿಯಿಂದ ಎಣಿಸಬೇಡಿ, ಆ ತುದಿ ಒಂದೊಂದು ಡ್ಯಾಂಪರ್‌ನಲ್ಲಿ ಒಂದೊಂದು ಕಡೆ ಇರುತ್ತದೆ.

ಬೆಳಗಿನ ನಂದಿ
ಬುಧವಾರ, ಬೆಳಿಗ್ಗೆ 6.10

ಬುಷ್‌ಗಳ (ತೋಳುಗಳ ಕೀಲಿನಲ್ಲಿರುವ ರಬ್ಬರ್) ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಲೋವರ್ ಆರ್ಮ್‌ನ ಬೋಲ್ಟ್‌ಗಳನ್ನು ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಮಾಡಬಾರದು. ಕಾರನ್ನು ಚಕ್ರಗಳ ಮೇಲೆ ಇಳಿಸಿ, ನಿಲ್ಲುವ ಎತ್ತರದಲ್ಲಿಯೇ ಕೊನೆಯ ಬಿಗಿ ಕೊಡಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ತಾನೇ ಒಂದು ಸ್ಪ್ರಿಂಗ್ ಆಗುತ್ತದೆ, ಕೆಲವು ತಿಂಗಳಲ್ಲಿ ಹರಿಯುತ್ತದೆ. ನನ್ನ ಕಾರಿನಲ್ಲಿ ಇದನ್ನು ಕಂಡುಹಿಡಿಯಲು ಒಂದು ವರ್ಷ ಹಿಡಿಯಿತು.

ಕೆಂಗೇರಿ ಗೇರ್
ಬುಧವಾರ, ಮಧ್ಯಾಹ್ನ 1.25

ಲೇತು ಅವರೇ, ಹಿಂದಿನ ಬಾರ್ ವಿಷಯದಲ್ಲಿ ನಾನು ಆತುರಪಟ್ಟೆ, ಒಪ್ಪುತ್ತೇನೆ. ಬಂಪ್ ಸ್ಟಾಪ್ ಮೇಲೆ ಕೂತ ಕಾರಿಗೆ ಹಿಂದಿನ ಬಾರ್ ಬಿಗಿ ಮಾಡಿದ್ದರೆ ಮಳೆ ಬಂದ ದಿನ ಅಪಾಯವಾಗುತ್ತಿತ್ತು.

ಆದರೆ ಕ್ಯಾಂಬರ್? ಮೂಲ ಸ್ಟ್ರಟ್‌ನಲ್ಲಿ ಒಂದು ಡಿಗ್ರಿ ಸಿಕ್ಕರೆ ಹೆಚ್ಚು. ಟ್ರ್ಯಾಕ್‌ಗೆ ಮೂರರ ಹತ್ತಿರ ಬೇಕು. ಹಾಗೆಂದು ಮೂರು ಇಟ್ಟುಕೊಂಡು ದಿನವೂ ಸಿಲ್ಕ್ ಬೋರ್ಡ್ ದಾಟುವವರಿಗೆ ಟೈರಿನ ಒಳ ಅಂಚು ಬೇಗ ಸವೆಯುವುದಿಲ್ಲವೇ?

ಪೀಣ್ಯದ ಲೇತು
ಬುಧವಾರ, ರಾತ್ರಿ 9.15

ಸವೆಯುತ್ತದೆ. ಆದರೆ ಅದನ್ನು ಬೇಗ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪಾದ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು). ಕ್ಯಾಂಬರ್ ಪ್ಲೇಟು (ಸ್ಟ್ರಟ್‌ನ ತಲೆಯನ್ನು ಒಳಹೊರಗೆ ಸರಿಸಲು ಬಿಡುವ ತಟ್ಟೆ) ಇದ್ದರೆ ಎರಡು ಗುರುತು ಮಾಡಿಕೊಳ್ಳಿ, ಟ್ರ್ಯಾಕ್‌ಗೊಂದು, ಊರಿಗೊಂದು. ಸ್ಟ್ರಟ್‌ನ ತಲೆ ಸರಿಸಿದಾಗ ಟೋ ಕೂಡ ಬದಲಾಗುತ್ತದೆ, ಎರಡೂ ಸ್ಥಾನಗಳಲ್ಲಿ ಅಳೆದು ಬರೆದಿಡಿ. ಅಲೈನ್‌ಮೆಂಟ್‌ನಲ್ಲಿ ಎಂದಿಗೂ ಎತ್ತರ ಮೊದಲು, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಹಿಂದುಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು.

ಗಿರಿನಗರದ ಕೂಪೆ
ಭಾನುವಾರ, ರಾತ್ರಿ 10.10

ಎರಡು ದಿನ ಮನೆಯಲ್ಲಿಯೇ ಕೆಲಸ ನಡೆಯಿತು. ಪಕ್ಕದ ಮನೆಯ ಗಾರೆ ಮೇಸ್ತ್ರಿಯವರ ಸಹಾಯ ಮರೆಯಲಾರೆ.

ಗ್ಯಾರೇಜಿನ ನೆಲ ಮಟ್ಟವಾಗಿದೆಯೇ ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಅವರು ಗೋಡೆ ಕಟ್ಟುವಾಗ ಬಳಸುವ ನೀರಿನ ಪಾರದರ್ಶಕ ಕೊಳವೆ ತಂದರು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ನಾಲ್ಕು ಚಕ್ರ ನಿಲ್ಲುವ ನಾಲ್ಕು ಜಾಗಗಳಲ್ಲಿ ನೀರಿನ ಮಟ್ಟ ಗುರುತಿಸಿದೆವು. ಬಲ ಹಿಂದಿನ ಮೂಲೆ 9 ಮಿ.ಮೀ. ತಗ್ಗು. ಅಲ್ಲಿಗೆ ನೆಲಹಾಸಿನ ಟೈಲ್ ತುಂಡುಗಳನ್ನು ಜೋಡಿಸಿ ಸಮ ಮಾಡಿದೆವು. ಅವರದ್ದೇ ನೈಲಾನ್ ದಾರವನ್ನು ಕಾರಿನ ಎರಡೂ ಪಕ್ಕ, ಚಕ್ರದ ಮಧ್ಯದ ಎತ್ತರಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಕಟ್ಟಿದೆವು. ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು, ವ್ಯತ್ಯಾಸವೇ ಟೋ. ಉಕ್ಕಿನ ಸ್ಕೇಲಿನಲ್ಲಿ ಅರ್ಧ ಮಿ.ಮೀ.ವರೆಗೆ ಓದಲು ಬಂತು.

ಗೆಳೆಯರೊಬ್ಬರು ನಾಲ್ಕು ತಟ್ಟೆಗಳ ತೂಕದ ಯಂತ್ರ ಕೊಟ್ಟಿದ್ದರು. ಆಂಟಿ-ರೋಲ್ ಬಾರ್‌ಗಳ ಕೊಂಡಿ ಬಿಚ್ಚಿ, ಚಾಲಕನ ಸೀಟಿನಲ್ಲಿ ನನ್ನ ಬದಲಿಗೆ 25 ಕಿಲೋದ ಮೂರು ಅಕ್ಕಿ ಮೂಟೆ ಇಟ್ಟು ತೂಗಿದೆವು. ಎಡ ಮುಂದೆ 386, ಬಲ ಮುಂದೆ 350, ಎಡ ಹಿಂದೆ 312, ಬಲ ಹಿಂದೆ 352. ಎಡ ಮುಂದಿನ ಮತ್ತು ಬಲ ಹಿಂದಿನ ಕರ್ಣದ ಮೇಲೆ 738 ಕಿಲೋ, ಅಂದರೆ 52.7 ಶೇಕಡ. ಬಲ ತಿರುವುಗಳಲ್ಲಿ ಮಾತ್ರ ಮೂತಿ ಹೆಚ್ಚು ಜಾರುತ್ತಿದ್ದುದರ ಗುಟ್ಟು ಇಲ್ಲಿತ್ತು.

ಮೇಸ್ತ್ರಿಯವರಿಗೆ ಹೇಳಿಕೊಡಬೇಕಾಗಲಿಲ್ಲ. ದರ್ಶಿನಿಯ ಅಲುಗಾಡುವ ಮೇಜಿನ ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಇಟ್ಟರೆ ಭಾರ ಆ ಕಾಲಿಗೂ ಅದರ ಎದುರು ಮೂಲೆಯ ಕಾಲಿಗೂ ಬರುತ್ತದಲ್ಲ, ಅದೇ ಎಂದರು. ಎಡ ಮುಂದಿನದನ್ನೂ ಬಲ ಹಿಂದಿನದನ್ನೂ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಪ್ರತಿ ಸಲ ಕಾರನ್ನು ಹಿಂದೆ ಮುಂದೆ ತಳ್ಳಿ ನೆಲೆಗೊಳಿಸುತ್ತಾ, ಏಳನೆಯ ಸಲಕ್ಕೆ 367, 369, 331, 333ಕ್ಕೆ ತಂದೆವು. ಕರ್ಣ ಸರಿಯಾಗಿ 50. ಎಡಬಲದ ಒಟ್ಟು, ಮುಂದೆ ಹಿಂದಿನ ಒಟ್ಟು ಬದಲಾಗಲೇ ಇಲ್ಲ. ಬದಲಾಗುವುದೂ ಇಲ್ಲ, ಅದಕ್ಕೆ ಬ್ಯಾಟರಿಯನ್ನೋ ಸೀಟನ್ನೋ ಸರಿಸಬೇಕು.

ಕ್ಯಾಂಬರ್ ಪ್ಲೇಟು ಒಂದನ್ನೇ ಹೊಸದಾಗಿ ಕೊಂಡೆ. ಕ್ಯಾಂಬರ್ ಮುಂದೆ ಮೈನಸ್ 2.8 ಡಿಗ್ರಿ, ಹಿಂದೆ ಮೈನಸ್ 2. ಮುಂದಿನ ಟೋ ಪ್ರತಿ ಬದಿ 1 ಮಿ.ಮೀ. ಹೊರಕ್ಕೆ, ಹಿಂದಿನದು 1.5 ಒಳಕ್ಕೆ. ಬಂಪ್ ಸ್ಟಾಪ್‌ವರೆಗೆ ಈಗ 43 ಮಿ.ಮೀ. ಇದೆ. ಕಂಬಿಗೆ ಒಂದೊಂದು ತೆಳು ಕೇಬಲ್ ಟೈ ಕಟ್ಟಿದ್ದೇನೆ, ಎಷ್ಟು ಓಡಿತು ಎಂದು ಅದೇ ತೋರಿಸುತ್ತದೆ.

ವೇದಿಕೆ ನಿರ್ವಾಹಕ
ಸೋಮವಾರ, ಬೆಳಿಗ್ಗೆ 10.00

ಓದುವ ಹೊಸಬರಿಗಾಗಿ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಂ ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವ ಮಾರ್ಪಾಡುಗಳನ್ನು ತಡೆಯುತ್ತದೆ. ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಈ ಪ್ರಯೋಗಗಳನ್ನು ನೈಸ್ ರಸ್ತೆಯಲ್ಲಾಗಲಿ, ನಂದಿ ಬೆಟ್ಟದ ತಿರುವುಗಳಲ್ಲಾಗಲಿ ಮಾಡಬೇಡಿ. ಅಲ್ಲಿ ಹಾಲಿನ ಸೈಕಲ್ಲು ಎದುರು ಬರುತ್ತದೆ.

ಗಿರಿನಗರದ ಕೂಪೆ
ಭಾನುವಾರ, ರಾತ್ರಿ 11.30, ಮೂರು ವಾರಗಳ ನಂತರ

ನಿನ್ನೆ ಮತ್ತೆ ಹೋಗಿದ್ದೆ. ಅದೇ ಟ್ರ್ಯಾಕ್, ಅದೇ ಟೈರು, ಹೆಚ್ಚೂಕಡಿಮೆ ಅದೇ ಬಿಸಿಲು.

ಮೊದಲ ಸುತ್ತಿನ ಓಟ. ತಣ್ಣಗೆ 29, ಬಿಸಿಯಲ್ಲಿ 35. ಎಡ ಮುಂದಿನ ಟೈರಿನ ತಾಪಮಾನವನ್ನು ಸೂಜಿ ಚುಚ್ಚಿ ಅಳೆದೆ. ಒಳಗೆ 91, ನಡುವೆ 88, ಹೊರಗೆ 84. ಕೇಬಲ್ ಟೈ ಬಂಪ್ ಸ್ಟಾಪ್‌ನಿಂದ 6 ಮಿ.ಮೀ. ಕೆಳಗೆ ನಿಂತಿತ್ತು. ಪುಟಿತ ಮಾಯವಾಗಿತ್ತು. ಪಿಟ್‌ನಿಂದ ಹೊರಬಿದ್ದ ಎರಡನೆಯ ಲ್ಯಾಪ್‌ನಲ್ಲಿಯೇ ಗೊತ್ತಾಯಿತು. ತಿರುವಿನ ನಡುವೆ ಸ್ಟಿಯರಿಂಗ್ ಇನ್ನೊಂದಿಷ್ಟು ತಿರುಗಿಸಿದರೆ ಕಾರು ಇನ್ನೊಂದಿಷ್ಟು ಬಂತು. ಇಷ್ಟು ದಿನ ಮರದ ತುಂಡಿನಂತಿದ್ದ ಸ್ಟಿಯರಿಂಗ್‌ನಲ್ಲಿ ಟೈರಿನ ಭಾರ ಬೆರಳುಗಳಿಗೆ ತಿಳಿಯತೊಡಗಿತು. ಹೆಲ್ಮೆಟ್‌ನೊಳಗೆ ಕೂಗಿಬಿಟ್ಟೆ.

ಎರಡನೆಯ ಓಟಕ್ಕೆ ಮುಂದಿನ ಡ್ಯಾಂಪರ್ ಮಾತ್ರ 4 ಕ್ಲಿಕ್ ಬಿಗಿ ಮಾಡಿದೆ. ತಿರುವಿಗೆ ಇಳಿಯುವುದು ಚುರುಕಾಯಿತು, ಆದರೆ ಏರುಪೇರಾದ ಜಾಗದಲ್ಲಿ ಮುಂಭಾಗ ಮತ್ತೆ ಹಗುರವಾಯಿತು. ವಾಪಸು ತಿರುಗಿಸಿದೆ. ಮೂರನೆಯದಕ್ಕೆ ಹಿಂದಿನ ಟೈರುಗಳಿಂದ ಒಂದು ಪಿಎಸ್‌ಐ ತೆಗೆದೆ, ಅಷ್ಟೆ. ಅದರಲ್ಲಿ 2 ನಿಮಿಷ 7.6 ಬಂತು. ಸ್ಪ್ರಿಂಗ್ ಅದೇ 7 ಕಿಲೋದ್ದು.

ನಿನ್ನೆ ಸಂಜೆ ಹೊರಡುವ ಮೊದಲು ಪ್ಲೇಟನ್ನು ಊರಿನ ಗುರುತಿಗೆ ಸರಿಸಿ ಟೋ ಹೊಂದಿಸಿದೆ. ಇಂದು ಬೆಳಿಗ್ಗೆ ಮನೆಯ ರಸ್ತೆಯ ಉಬ್ಬನ್ನು ನೇರವಾಗಿ ದಾಟಿದೆ, ಕೆಳಗೆ ತಾಗಲಿಲ್ಲ. ಅದರ ಎತ್ತರ ಅಳೆದರೆ 14 ಸೆಂ.ಮೀ. ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ 3.7 ಮೀಟರ್ ಅಗಲಕ್ಕೆ 10 ಸೆಂ.ಮೀ. ಎತ್ತರ. ಇದಕ್ಕೆ ಒಂದು ಮೀಟರ್ ಅಗಲವೂ ಇಲ್ಲ.

ಉಳಿದದ್ದು ಒಂದೇ. ವೇಗದ ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಚೂರು ಅಲುಗುತ್ತದೆ. ಜಾರುವುದಿಲ್ಲ, ಬಾಲ ಆಡಿಸಿದಂತೆ. ಹಿಂದಿನ ಟೋ ಇನ್ನರ್ಧ ಮಿ.ಮೀ. ಒಳಕ್ಕೆ ತರಲೇ, ಡ್ಯಾಂಪರ್ ಸಡಿಲಿಸಲೇ?

ಚಾಕ್‌ಪೀಸು ಮತ್ತು ಟೈರು
ಸೋಮವಾರ, ಬೆಳಿಗ್ಗೆ 7.05

84, 88, 91! ಈ ಅಂಕಿಗಳನ್ನು ಓದಿ ಮನಸ್ಸು ತುಂಬಿತು. ಬಲ ಮುಂದಿನದನ್ನೂ ಅಳೆದಿದ್ದರೆ ಹಾಕಿ. ಪ್ರದಕ್ಷಿಣೆಯಾಗಿ ಓಡುವ ಟ್ರ್ಯಾಕ್ ಅದು, ಬಲ ಮುಂದಿನ ಟೈರು ತಣ್ಣಗಿರುತ್ತದೆ. ಅದಕ್ಕೆ ಒಂದು ಪಿಎಸ್‌ಐ ಹೆಚ್ಚಿಗೆ ತುಂಬಿ ಹೊರಟರೆ ಬಿಸಿಯಲ್ಲಿ ಎರಡೂ ಸಮಕ್ಕೆ ಬರುತ್ತವೆ.

ಪೀಣ್ಯದ ಲೇತು
ಸೋಮವಾರ, ರಾತ್ರಿ 9.50

ಎರಡೂ ಬೇಡ. ಆ ಬಾಲ ಆಡುವುದು ಹಿಂದಿನ ಟೋ ಕೈಗೆ ನಿಲ್ಲದ ಲಕ್ಷಣ. ಹಿಂದಿನ ಚಕ್ರ ಎತ್ತಿ, ಮೂರು ಗಂಟೆ ಮತ್ತು ಒಂಬತ್ತು ಗಂಟೆಯ ಸ್ಥಾನದಲ್ಲಿ ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಕೆಳಗೆ ಟಾರ್ಚು ಹಿಡಿದು ಟೋ ಲಿಂಕ್‌ನ ಬುಷ್ ನೋಡಲಿ. ರಬ್ಬರಿನಲ್ಲಿ ಸೀಳು ಕಂಡರೆ ನೀವು ದಾರ ಕಟ್ಟಿ ಹೊಂದಿಸಿದ 1.5 ಮಿ.ಮೀ. ನಿಂತ ಕಾರಿನಲ್ಲಿ ಮಾತ್ರ ಇದೆ, ಓಡುವ ಕಾರಿನಲ್ಲಿ ಇಲ್ಲ.

ಗಿರಿನಗರದ ಕೂಪೆ
ಮಂಗಳವಾರ, ರಾತ್ರಿ 8.15

ಎಡಗಡೆಯದು ಗಟ್ಟಿಯಾಗಿದೆ. ಬಲಗಡೆಯದರಲ್ಲಿ ನಾಣ್ಯ ತೂರುವಷ್ಟು ಸೀಳಿದೆ. ಶನಿವಾರ ಹೊಸ ಬುಷ್ ಒತ್ತಿಸುತ್ತೇನೆ. ದಾರ, ಸ್ಕೇಲು, ಅಕ್ಕಿ ಮೂಟೆ ಎಲ್ಲವೂ ಗ್ಯಾರೇಜಿನಲ್ಲಿಯೇ ಇವೆ.